ಡ್ರಾಪ್ಸ್ ಬರೆಯುವ ಮೊದಲು ದೀಪ ಹಾಕಿ ನೋಡಿ: ಕೆಂಪು ಕಣ್ಣನ್ನು ಮೊದಲು ನೋಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರಿಗೆ, ಔಷಧಿ ಅಂಗಡಿಯ ಬಂಧುಗಳಿಗೆ,

ನಮಸ್ಕಾರ.

ಕಣ್ಣು ಕೆಂಪಾಗಿದೆ ಅಂತ ಜನ ಮೊದಲು ಬರುವುದು ನಿಮ್ಮ ಹತ್ತಿರ. ಕಣ್ಣಿನ ತಜ್ಞರ ಸರದಿ ಆಮೇಲೆ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ. ನಾನು ವೈದ್ಯಕೀಯ ಓದಿದವಳಲ್ಲ. ಏಳು ವರ್ಷದಿಂದ ಯುವಿಯೈಟಿಸ್ ಅನ್ನುವ ಕಣ್ಣಿನೊಳಗಿನ ಉರಿಯೂತದ ಜೊತೆ ಬದುಕುತ್ತಿರುವ ರೋಗಿ. ಈ ಏಳು ವರ್ಷದಲ್ಲಿ ಕೇಳಿ, ಓದಿ, ಅನುಭವಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಒಂದೇ ತಪ್ಪು ಮೂರು ಕಡೆ, ಮೂರು ಬೇರೆ ಬೇರೆ ಜನರ ಕೈಯಲ್ಲಿ ಆಯಿತು. ಮೂರು ಕಡೆಯೂ ಹಾಗೇ ಆಗಿದೆ ಅಂದರೆ ಅದೊಂದು ರೂಢಿಯೇ ಆಗಿಬಿಟ್ಟಿದೆಯೇನೋ ಅನ್ನುವುದು ನನ್ನ ಆತಂಕ.

ಮೊದಲ ಸಲ ಬಲಗಣ್ಣು ಕೆಂಪಾದಾಗ ಗೀಜು ಒಂದಿಷ್ಟೂ ಇರಲಿಲ್ಲ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಕಣ್ಣು ಬಂದಿರಲಿಲ್ಲ. ನನಗಿದ್ದದ್ದು ನೋವು. ಹುಬ್ಬಿನ ಹಿಂದೆ, ಗುಡ್ಡೆಯ ಒಳಗೆ ಯಾರೋ ಒತ್ತಿ ಹಿಡಿದ ಹಾಗಿನ ನೋವು. ಬೆಳಕು ಕಂಡರೆ ಆಗುತ್ತಿರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಎಡಗಣ್ಣಿನಿಂದ ಕಿಟಕಿ ಕಡೆ ನೋಡಿದರೂ ಮುಚ್ಚಿದ ಬಲಗಣ್ಣೇ ನೋಯುತ್ತಿತ್ತು. ಇದು ವಿಚಿತ್ರ ಅನ್ನಿಸಿ ವೈದ್ಯರಿಗೆ ಹೇಳಿದೆ. ಅವರು ಟಾರ್ಚ್ ಬಿಟ್ಟು ಒಂದು ಕ್ಷಣ ನೋಡಿ, ‘ಕಣ್ಣು ಬಂದಿದೆ ಅಷ್ಟೇ, ಐದು ದಿನ ಹಾಕಿ’ ಅಂತ ಆಂಟಿಬಯಾಟಿಕ್ ಡ್ರಾಪ್ಸ್ ಬರೆದುಕೊಟ್ಟರು.

ನಾನು ವಿಚಿತ್ರ ಅಂದುಕೊಂಡದ್ದು ಈ ಕಾಯಿಲೆಯ ಒಂದು ಮುಖ್ಯ ಗುರುತು ಅಂತ ಆಮೇಲೆ ಗೊತ್ತಾಯಿತು. ಒಂದು ಕಣ್ಣಿಗೆ ಬೆಳಕು ಬಿದ್ದರೆ ಎರಡೂ ಕಣ್ಣಿನ ಪಾಪೆ ಒಟ್ಟಿಗೇ ಕುಗ್ಗುತ್ತವೆ. ಒಳಗೆ ಉರಿಯೂತ ಇರುವ ಕಣ್ಣಿನಲ್ಲಿ ಆ ಕುಗ್ಗುವಿಕೆಯೇ ನೋವು ಕೊಡುತ್ತದೆ. ಬರೀ ಮೇಲ್ಪದರದ ಸೋಂಕಾದರೆ ಹೀಗಾಗುವುದಿಲ್ಲ. ನೀವು ಕೇಳದೇ ಇದ್ದರೂ ರೋಗಿ ತಾನಾಗಿಯೇ ಇಂಥದ್ದನ್ನು ಹೇಳಿದಾಗ ದಯವಿಟ್ಟು ಕಿವಿಗೊಡಿ.

ಐದು ದಿನ ಕಳೆದರೂ ಕಡಿಮೆಯಾಗಲಿಲ್ಲ. ಔಷಧಿ ಅಂಗಡಿಗೆ ಹೋದೆ. ಅಲ್ಲಿದ್ದವರು ಚೀಟಿ ಕೇಳಲಿಲ್ಲ. ‘ಇದು ಸ್ವಲ್ಪ ಸ್ಟ್ರಾಂಗ್, ಎರಡೇ ದಿನದಲ್ಲಿ ಕೆಂಪು ಹೋಗುತ್ತೆ’ ಅಂತ ಬೇರೆ ಬಾಟಲಿ ಕೊಟ್ಟರು. ಅದರಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇತ್ತು. ಅವರು ಹೇಳಿದ್ದು ನಿಜವಾಯಿತು. ಎರಡು ದಿನದಲ್ಲಿ ಕೆಂಪು ಹೋಯಿತು, ನೋವೂ ಹೋಯಿತು. ಖುಷಿಯಿಂದ ನಿಲ್ಲಿಸಿಬಿಟ್ಟೆ. ಎರಡು ವಾರಕ್ಕೆ ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಮತ್ತೆ ಅದೇ ಬಾಟಲಿ ತಂದೆ, ಮತ್ತೆ ಹೋಯಿತು, ಮತ್ತೆ ನಿಲ್ಲಿಸಿದೆ. ಮೂರನೇ ಸಲ ಇನ್ನೊಬ್ಬ ವೈದ್ಯರ ಹತ್ತಿರ ಹೋದೆ. ಅವರು ‘ಅಲರ್ಜಿ ಇರಬೇಕು’ ಅಂದರು. ಅವರ ಕೋಣೆಯಲ್ಲೂ ಟಾರ್ಚ್ ಮಾತ್ರ ಇತ್ತು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ರಾತ್ರಿ ಮುಖ ತೊಳೆದು ಕನ್ನಡಿಗೆ ಹತ್ತಿರ ಬಗ್ಗಿ ನೋಡಿಕೊಂಡೆ. ಎಡಗಣ್ಣಿನ ಪಾಪೆ ದುಂಡಗಿತ್ತು. ಬಲಗಣ್ಣಿನದು ದುಂಡಗಿರಲಿಲ್ಲ. ಕೆಳಗಡೆ ಎರಡು ಕಡೆ, ಪಕ್ಕದಲ್ಲಿ ಒಂದು ಕಡೆ, ಯಾರೋ ಪಿನ್ನು ಚುಚ್ಚಿ ಎಳೆದು ಹಿಡಿದ ಹಾಗೆ ಮೂಲೆ ಮೂಲೆಯಾಗಿತ್ತು. ದೀಪ ಹಾಕಿದಾಗ, ಆರಿಸಿದಾಗ ಎಡಗಣ್ಣಿನ ಪಾಪೆ ಸಣ್ಣದಾಗಿ ದೊಡ್ಡದಾಗುತ್ತಿತ್ತು. ಬಲಗಣ್ಣಿನದು ಅಲ್ಲೇ ಅಂಟಿಕೊಂಡು ನಿಂತಿತ್ತು. ಅವತ್ತು ನಿದ್ದೆ ಬರಲಿಲ್ಲ.

ಮಾರನೇ ದಿನ ಕಣ್ಣಿನ ತಜ್ಞೆಯೊಬ್ಬರು ಗದ್ದ ಊರಿಸಿ, ಹಣೆ ಒತ್ತಿಸಿ, ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರು. ಕಣ್ಣಿನೊಳಗೆ ತೆಳ್ಳಗಿನ ಬೆಳಕಿನ ಗೆರೆ ಹಾಯಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಯಂತ್ರ ಅದು. ಅದನ್ನು ಮೊದಲು ರೂಪಿಸಿ ತೋರಿಸಿದ್ದು ಸ್ವೀಡನ್ನಿನ ಕಣ್ಣಿನ ತಜ್ಞ ಗುಲ್‌ಸ್ಟ್ರಾಂಡ್, 1911ರಲ್ಲಿ. ಹೊಸದೇನಲ್ಲ ಅಲ್ವಾ? ತಜ್ಞೆ ಕೋಣೆಯ ದೀಪ ಆರಿಸಿ, ಒಂದು ನಿಮಿಷ ಮಾತಾಡದೆ ಎಣಿಸಿದರು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು: ‘ಕಿಟಕಿ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ತೇಲುವುದು ಕಾಣುತ್ತಲ್ಲ, ಹಾಗೇ ನಿಮ್ಮ ಕಣ್ಣಿನೊಳಗಿನ ನೀರಿನಲ್ಲಿ ಬಿಳಿ ರಕ್ತಕಣ ತೇಲುತ್ತಿವೆ. ಅಲ್ಲಿ ಒಂದೂ ಇರಬಾರದು.’ ಫೈಲಿನಲ್ಲಿ 3+ ಅಂತ ಬರೆದರು. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ 26ರಿಂದ 50 ಕಣ ಕಂಡರೆ 3+ ಅಂತ. 50 ದಾಟಿದರೆ 4+. ಎಲ್ಲ ಕಡೆ ಒಂದೇ ಅಳತೆ ಇರಲಿ ಅಂತ ತಜ್ಞರು ಸೇರಿ 2005ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಟಾರ್ಚಿನಲ್ಲಿ ಈ ಕಣ ಯಾರ ಕಣ್ಣಿಗೂ ಕಾಣುವುದಿಲ್ಲ. ನನ್ನ ಮೊದಲ ದೂರು ಇದೇ. ನನ್ನನ್ನು ನೋಡಿದ ಮೂವರಲ್ಲಿ ಒಬ್ಬರಾದರೂ ‘ನನ್ನ ಹತ್ತಿರ ಈ ದೀಪ ಇಲ್ಲ, ಇವತ್ತೇ ಇರುವ ಕಡೆ ಹೋಗಿ’ ಅಂದಿದ್ದರೆ ಸಾಕಿತ್ತು.

ಕಾಯಿಲೆಯ ಹೆಸರು ಅವತ್ತೇ ಮೊದಲು ಕೇಳಿದ್ದು. ಕಣ್ಣಿನ ಬಿಳಿಗುಡ್ಡೆಗೂ ಒಳಗಿನ ರೆಟಿನಾಕ್ಕೂ ನಡುವೆ ರಕ್ತನಾಳ ತುಂಬಿದ ಒಂದು ಪದರ ಇದೆ. ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಕಾಣುವುದರಿಂದ ಲ್ಯಾಟಿನ್ನಿನ ದ್ರಾಕ್ಷಿ ಪದದಿಂದಲೇ ಅದಕ್ಕೆ ಯುವಿಯಾ ಅನ್ನುವ ಹೆಸರು ಬಂತು. ಪಾಪೆಯ ಸುತ್ತಲಿನ ಬಣ್ಣದ ಐರಿಸ್, ಅದರ ಹಿಂದಿನ ಸಿಲಿಯರಿ ಭಾಗ, ಹಿಂಬದಿಯ ಕೋರಾಯ್ಡ್ ಮೂರೂ ಸೇರಿ ಯುವಿಯಾ. ಅಲ್ಲಿ ಉರಿಯೂತ ಆದರೆ ಯುವಿಯೈಟಿಸ್. ಮುಂಭಾಗದ್ದೇ ಹೆಚ್ಚು ಜನರಲ್ಲಿ ಕಾಣುವುದು, ನನ್ನದೂ ಅದೇ. ಉರಿಯೂತದಿಂದ ಐರಿಸ್ ಅಂಟಂಟಾಗಿ ಹಿಂದಿನ ಲೆನ್ಸಿಗೆ ಹತ್ತಿಕೊಳ್ಳುತ್ತದೆ. ಕನ್ನಡಿಯಲ್ಲಿ ನಾನು ನೋಡಿದ ಮೂಲೆಗಳು ಆ ಅಂಟೇ. ಹಿಂಭಾಗದಲ್ಲಿ ಆದರೆ ಕಣ್ಣು ಕೆಂಪಾಗದೇ ಇರಬಹುದು, ನೋವೂ ಇಲ್ಲದೇ ಇರಬಹುದು. ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲುತ್ತವೆ, ನೋಟ ಮಂಜಾಗುತ್ತದೆ. ಈ ಕಾಯಿಲೆ ದುಡಿಯುವ ವಯಸ್ಸಿನವರನ್ನೇ ಜಾಸ್ತಿ ಹಿಡಿಯುತ್ತದೆ.

ಆ ತಜ್ಞೆ ಕಣ್ಣು ನೋಡಿ ಮುಗಿಸಿದ ಮೇಲೆ ಕೇಳಿದ ಪ್ರಶ್ನೆ ನನ್ನ ಬದುಕನ್ನೇ ಬದಲಾಯಿಸಿತು. ‘ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತಾ? ಓಡಾಡಿದ ಮೇಲೆ ಸಡಿಲ ಆಗುತ್ತಾ?’

ಹೌದು. ಆರು ವರ್ಷದಿಂದ. ಕೂತು ಕೆಲಸ ಮಾಡುವುದಕ್ಕೆ ಹೀಗಾಗುತ್ತೆ ಅಂತ ನಾನೂ ಅಂದುಕೊಂಡಿದ್ದೆ, ನೋಡಿದವರೂ ಹಾಗೇ ಹೇಳಿದ್ದರು. ಕಣ್ಣಿಗೂ ಸೊಂಟಕ್ಕೂ ಏನು ಸಂಬಂಧ ಅಂತ ನನಗೆ ಹೊಳೆಯುವುದಾದರೂ ಹೇಗೆ? ರಕ್ತ ಪರೀಕ್ಷೆಯಲ್ಲಿ ಎಚ್‌ಎಲ್‌ಎ ಬಿ27 ಅನ್ನುವ, ಹುಟ್ಟಿನಿಂದಲೇ ಬರುವ ವಂಶವಾಹಿ ಗುರುತು ಇತ್ತು. ಸೊಂಟದ ಕೀಲುಗಳ ಎಂಆರ್‌ಐಯಲ್ಲಿ ಉರಿಯೂತ ಕಂಡಿತು. ಕೀಲುರೋಗದ ತಜ್ಞರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತ ಗುರುತಿಸಿದರು. ಬೆನ್ನುಮೂಳೆಯ ಕೀಲುಗಳು ನಿಧಾನಕ್ಕೆ ಬಿಗಿದು ಕೂಡಿಕೊಳ್ಳುವ ಕಾಯಿಲೆ. ಬಿ27ಕ್ಕೂ ಈ ಬೆನ್ನಿನ ಕಾಯಿಲೆಗೂ, ಬಿ27ಕ್ಕೂ ಕಣ್ಣಿನ ಈ ಉರಿಯೂತಕ್ಕೂ ನಂಟಿದೆ ಅಂತ ವೈದ್ಯಲೋಕಕ್ಕೆ 1973ರಿಂದಲೇ ಗೊತ್ತು. ಐವತ್ತು ವರ್ಷ ಕಳೆದಿದೆ. ಕೆಂಪು ಕಣ್ಣು ನೋಡುವವರು ಬೆನ್ನಿನ ಬಗ್ಗೆ ಕೇಳಲಿಲ್ಲ, ಬೆನ್ನು ನೋಡಿದವರು ಕಣ್ಣಿನ ಬಗ್ಗೆ ಕೇಳಲಿಲ್ಲ. ಇದು ನನ್ನ ಎರಡನೇ ದೂರು.

ಬೆನ್ನು ಒಂದೇ ಕಾರಣ ಅಂತಲೂ ಅಲ್ಲ. ಸೋರಿಯಾಸಿಸ್ ಇರುವವರಿಗೆ, ಕರುಳಿನ ಉರಿಯೂತ ಇರುವವರಿಗೆ ಬರಬಹುದು. ಶ್ವಾಸಕೋಶ ಮೊದಲಾದ ಕಡೆ ಸಣ್ಣ ಸಣ್ಣ ಉರಿಯೂತದ ಗಂಟು ಕಟ್ಟುವ ಸಾರ್ಕಾಯ್ಡೋಸಿಸ್‌ನಲ್ಲಿ ಬರುತ್ತದೆ. ಬಾಯಲ್ಲಿ ಪದೇ ಪದೇ ಹುಣ್ಣಾಗುವ ಬೆಹ್ಚೆಟ್ ಕಾಯಿಲೆಯಲ್ಲಿ ಬರುತ್ತದೆ. ಕ್ಷಯ, ಸಿಫಿಲಿಸ್, ಟಾಕ್ಸೋಪ್ಲಾಸ್ಮಾ, ಹರ್ಪಿಸ್ ಥರದ ಸೋಂಕುಗಳೂ ಇದೇ ಮುಖ ಹೊತ್ತು ಬರುತ್ತವೆ. ಎಷ್ಟು ಹುಡುಕಿದರೂ ಕಾರಣ ಸಿಗದವರೂ ತುಂಬ ಜನ ಇದ್ದಾರೆ. ಹಾಗಂತ ಹುಡುಕದೇ ಬಿಡಬಹುದಾ? ಸೋಂಕಿನಿಂದ ಬಂದದ್ದಾದರೆ ಸೋಂಕಿಗೆ ಮದ್ದು ಬೇಕು. ದೇಹ ತನ್ನ ಮೇಲೆ ತಾನೇ ಯುದ್ಧಕ್ಕೆ ನಿಂತದ್ದಾದರೆ ಆ ಯುದ್ಧವನ್ನು ತಣಿಸಬೇಕು. ಎರಡಕ್ಕೂ ಒಂದೇ ಬಾಟಲಿ ಸಾಲುವುದಿಲ್ಲ.

ಅದಕ್ಕೇ ಚೀಟಿ ಇಲ್ಲದೆ ಕೈಗಿಟ್ಟ ಆ ಸ್ಟೀರಾಯ್ಡ್ ಬಾಟಲಿಯ ಬಗ್ಗೆ ನನಗೆ ಈಗಲೂ ಸಂಕಟ. ನನ್ನ ಕಣ್ಣಿನಲ್ಲಿ ಇದ್ದದ್ದು ಹರ್ಪಿಸ್ ಆಗಿದ್ದರೆ? ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಕೊಂಬೆ ಒಡೆದ ಗಿಡದ ಹಾಗೆ ಹುಣ್ಣು ಮಾಡುವ ವೈರಸ್ ಅದು. ಬರೀ ಸ್ಟೀರಾಯ್ಡ್ ಬಿದ್ದರೆ ಹುಣ್ಣು ಅಗಲವಾಗಿ ಹರಡುತ್ತದೆ. ಹಳದಿ ಬಣ್ಣದ ಒಂದು ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಎದ್ದು ಕಾಣುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕೆಂಪು ಕಣ್ಣಾಗಿದ್ದರೆ? ಅಲ್ಲಿ ಕಾರ್ನಿಯಾಕ್ಕೇ ಸೋಂಕು ತಗುಲಿರಬಹುದು. ದಿಢೀರ್ ಅಂತ ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ಆಗಿದ್ದರೆ? ಅದೂ ಕೆಂಪು, ಅದೂ ನೋವು, ಆದರೆ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ಇಷ್ಟೆಲ್ಲ ಇರುವ ಕಡೆ ಕೌಂಟರಿನ ಆಚೆಯಿಂದ ಕಣ್ಣು ನೋಡಿ ಮದ್ದು ಕೊಡುವುದು ಎಷ್ಟು ಅಪಾಯ ಅಂತ ನೀವೇ ಯೋಚಿಸಿ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಕಣ್ಣು ಉಳಿಸಿದ್ದೇ ಅದು. ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಮೇಲಿನ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಂದದ್ದು ಸುಮ್ನೆ ಅಲ್ಲ. ಆದರೆ ಅದನ್ನು ಹಾಕುವ ಕ್ರಮ ಇದೆ, ಬಿಡುವ ಕ್ರಮವೂ ಇದೆ. ತಜ್ಞೆ ನನಗೆ ಬರೆದುಕೊಟ್ಟದ್ದು ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಂದು ಹನಿ. ಕಣ ಕಡಿಮೆಯಾದದ್ದನ್ನು ದೀಪದಲ್ಲಿ ನೋಡಿ ಎರಡು ಗಂಟೆಗೊಮ್ಮೆ, ಆಮೇಲೆ ದಿನಕ್ಕೆ ಆರು, ನಾಲ್ಕು, ಹೀಗೆ ಆರು ವಾರಕ್ಕೂ ಮೇಲೆ ಇಳಿಸುತ್ತಾ ಬಂದರು. ನೋವು ಮೊದಲ ವಾರವೇ ಹೋಗಿತ್ತು, ಕಣ ಇನ್ನೂ ಇತ್ತು. ಹಿಂದೆ ಪ್ರತಿ ಸಲ ನಾನು ನಿಲ್ಲಿಸಿದ್ದು ಇದೇ ಹಂತದಲ್ಲಿ. ‘ನೋವು ಹೋದರೂ ನಿಲ್ಲಿಸಬೇಡಿ’ ಅನ್ನುವ ಒಂದು ಮಾತು ನನಗೆ ನಾಲ್ಕು ತಿಂಗಳು ಯಾರೂ ಹೇಳಿರಲಿಲ್ಲ.

ಜೊತೆಗೆ ಪಾಪೆ ಹಿಗ್ಗಿಸುವ ಹೋಮಾಟ್ರೋಪಿನ್ ಹನಿಯನ್ನೂ ಕೊಟ್ಟರು. ಅದು ಒಳಗಿನ ಸ್ನಾಯುವಿನ ಸೆಳೆತ ಬಿಡಿಸಿ ನೋವು ಇಳಿಸುತ್ತದೆ, ಅಂಟನ್ನೂ ಬಿಡಿಸಲು ನೋಡುತ್ತದೆ. ನನಗೆ ಎರಡು ಅಂಟು ಬಿಟ್ಟವು, ಒಂದು ಹಾಗೇ ಉಳಿಯಿತು. ಆ ಹನಿ ಹಾಕಿದಷ್ಟು ದಿನ ಹತ್ತಿರದ್ದು ಓದಲಾಗುವುದಿಲ್ಲ, ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತ ಅವರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಪಕ್ಕದಲ್ಲಿ ಕೂತ ಇನ್ನೊಬ್ಬ ರೋಗಿ, ಎಲ್ಲಿಯೋ ಯಾರೋ ಏನೂ ಹೇಳದೆ ಕೊಟ್ಟಿದ್ದರಿಂದ, ಮದ್ದೇ ಕಣ್ಣು ಹಾಳು ಮಾಡಿತು ಅಂತ ಎರಡೂ ಬಾಟಲಿ ಎಸೆದುಬಿಟ್ಟಿದ್ದರಂತೆ.

ಇನ್ನೊಂದು ಸಣ್ಣ ವಿಷಯ. ಪ್ರೆಡ್ನಿಸೊಲೋನ್ ಅಸಿಟೇಟ್ ಅನ್ನುವ ಸ್ಟೀರಾಯ್ಡ್ ಡ್ರಾಪ್ಸ್‌ನಲ್ಲಿ ಮದ್ದು ಪೂರ್ತಿ ಕರಗಿರುವುದಿಲ್ಲ, ಬಿಳಿ ಪುಡಿಯಾಗಿ ತಳದಲ್ಲಿ ಕೂತಿರುತ್ತದೆ. ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕಬೇಕು. ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಬರೀ ಮೇಲಿನ ನೀರು. ತಜ್ಞೆಯ ಜೊತೆಗಿದ್ದ ನರ್ಸ್ ಬಾಟಲಿಯನ್ನು ಬೆಳಕಿಗೆ ಹಿಡಿದು ತಳದ ಪುಡಿ ತೋರಿಸಿದರು. ಕುಲುಕಿದ ಮೇಲೆ ಹಾಲಿನ ಹಾಗಾಯಿತು. ಎರಡು ಬೇರೆ ಹನಿ ಹಾಕುವಾಗ ನಡುವೆ ಐದು ನಿಮಿಷ ಬಿಡಿ, ಮೂಗಿನ ಕಡೆಯ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿಕೊಳ್ಳಿ ಅಂತಲೂ ಕಲಿಸಿದರು. ಎರಡು ನಿಮಿಷದ ಕೆಲಸ. ಔಷಧಿ ಅಂಗಡಿಯ ಬಂಧುಗಳೇ, ಈ ಎರಡು ನಿಮಿಷವನ್ನು ನೀವೂ ಕೊಡಬಹುದು. ಓದಲು ಬಾರದವರಿಗೆ ನೀವೇ ಕುಲುಕಿ ತೋರಿಸಬಹುದು.

ನಾನು ತೆತ್ತ ಬೆಲೆ ಹೇಳಿಬಿಡುತ್ತೇನೆ. ಬಲಗಣ್ಣಿನಲ್ಲಿ ಲೆನ್ಸಿನ ಹಿಂಬದಿಗೆ ಪೊರೆ ಶುರುವಾಗಿದೆ. ಬಿಸಿಲಿನಲ್ಲಿ ಎದುರಿಗೆ ಬರುವವರ ಮುಖ ಕಾಣುವುದಿಲ್ಲ, ಸಂಜೆ ವಾಸಿ. ಉರಿಯೂತದಿಂದಲೂ ಪೊರೆ ಬರುತ್ತದೆ, ಸ್ಟೀರಾಯ್ಡಿನಿಂದಲೂ ಬರುತ್ತದೆ. ನನ್ನದು ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲಾಗದು ಅಂದರು. ಕಣ್ಣಿನ ಒತ್ತಡವೂ ಏರಿತ್ತು. ಸ್ಟೀರಾಯ್ಡ್ ಹನಿ ವಾರಗಟ್ಟಲೆ ಹಾಕಿದರೆ ಕೆಲವರಿಗೆ ಹೀಗಾಗುತ್ತದೆ. ಒತ್ತಡ ನಿಧಾನಕ್ಕೆ ಏರಿದಾಗ ನೋವೇ ಇರುವುದಿಲ್ಲ. ನೋವಿಲ್ಲದೆಯೇ ನರ ಸಾಯುತ್ತದೆ. ಅಳೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಂಗಡಿಯಿಂದ ತಂದ ಬಾಟಲಿ ಹಾಕಿಕೊಂಡ ತಿಂಗಳುಗಳಲ್ಲಿ ಒಂದು ಸಲವೂ ಯಾರೂ ಅಳೆಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬ ತಾಯಿಯ ಪರಿಚಯವಾಯಿತು. ಮಗಳಿಗೆ ಐದು ವರ್ಷ. ಮೊಣಕಾಲು ಊದಿ ಕೀಲುವಾತ ಅಂತ ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. ಮೊಣಕಾಲಿಗೆ ಮದ್ದು ನಡೆಯುತ್ತಿತ್ತು. ಕಣ್ಣು ಒಂದು ದಿನವೂ ಕೆಂಪಾಗಿರಲಿಲ್ಲ, ಮಗು ಒಂದು ದಿನವೂ ನೋವು ಅಂದಿರಲಿಲ್ಲ. ಶಾಲೆಯಲ್ಲಿ ಒಂದು ಕಣ್ಣು ಮುಚ್ಚಿ ಆಡುವ ಆಟ ಆಡಿಸಿದಾಗ ಮಗು ಎದುರಿಗಿದ್ದ ಬೆಂಚಿಗೆ ಡಿಕ್ಕಿ ಹೊಡೆಯಿತಂತೆ. ಆಗ ಗೊತ್ತಾಗಿದ್ದು. ಅಷ್ಟರಲ್ಲಿ ಕಾರ್ನಿಯಾ ಮೇಲೆ ಸುಣ್ಣದ ಪಟ್ಟಿ ಕಟ್ಟಿತ್ತು. ಮಕ್ಕಳ ಕೀಲುವಾತದಲ್ಲಿ ಕಣ್ಣಿನ ಉರಿಯೂತ ಹೀಗೆ ಸದ್ದಿಲ್ಲದೆ ಬರುತ್ತದೆ. ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ರಕ್ತದಲ್ಲಿ ಎಎನ್‌ಎ ಅನ್ನುವ, ತನ್ನ ದೇಹದ ವಿರುದ್ಧವೇ ತಿರುಗುವ ಪ್ರತಿಕಾಯ ಇರುವ ಮಕ್ಕಳಿಗೆ ಅಪಾಯ ಹೆಚ್ಚು. ಅಂಥ ಮಕ್ಕಳಿಗೆ ಕಣ್ಣು ಚೆನ್ನಾಗಿ ಕಂಡರೂ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಲೇಬೇಕು. ಆ ತಾಯಿಗೆ ಯಾರೂ ಹೇಳಿರಲಿಲ್ಲ. ‘ಹೇಳಿದ್ದರೆ ಎಷ್ಟು ದೂರ ಆದರೂ ಹೊತ್ತುಕೊಂಡು ಹೋಗ್ತಿದ್ದೆ’ ಅಂತ ಅತ್ತರು. ಕೀಲು ನೋಡುವ ವೈದ್ಯರೇ, ಮಕ್ಕಳ ವೈದ್ಯರೇ, ಊದಿದ ಮೊಣಕಾಲಿನ ಮಗುವಿನ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖನ್ನೂ ಬರೆಯಿರಿ. ಕೈ ಮುಗಿದು ಕೇಳುತ್ತೇನೆ.

ಹನಿಯಿಂದ ಹಿಡಿತಕ್ಕೆ ಬಾರದವರಿಗೆ ಈಗ ಬೇರೆ ದಾರಿಗಳಿವೆ. ಕಣ್ಣಿನ ಪಕ್ಕಕ್ಕೋ ಒಳಕ್ಕೋ ಚುಚ್ಚುಮದ್ದು, ಮಾತ್ರೆ, ದೇಹದ ಅತಿಯಾದ ಪ್ರತಿರೋಧವನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್, ಮೈಕೊಫಿನೊಲೇಟ್. ಅಂಥದ್ದೇ ಕೆಲಸ ಮಾಡುವ ಅಡಾಲಿಮುಮ್ಯಾಬ್ ಚುಚ್ಚುಮದ್ದಿಗೆ 2016ರಲ್ಲಿ ಅಮೆರಿಕದಲ್ಲಿ ಸೋಂಕಿಲ್ಲದ ಯುವಿಯೈಟಿಸ್‌ಗೆ ಒಪ್ಪಿಗೆ ಸಿಕ್ಕಿತು. ಅದನ್ನು ಶುರು ಮಾಡುವ ಮೊದಲು ಕ್ಷಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅಡಗಿ ಕೂತ ಕ್ಷಯ ಎದ್ದುಬಿಡಬಹುದು. ನನಗೆ ವರ್ಷಕ್ಕೆ ಮೂರು ಸಲ ಮರುಕಳಿಸತೊಡಗಿದಾಗ ಮೆಥೋಟ್ರೆಕ್ಸೇಟ್ ಕೊಟ್ಟರು. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ನನ್ನ ಮಾತ್ರೆಯ ಕವರಿನ ಮೇಲೆ ಅಂಗಡಿಯವರು ಅಭ್ಯಾಸಬಲದಿಂದ ‘ದಿನಕ್ಕೆ 1’ ಅಂತ ಬರೆದಿದ್ದರು. ತಜ್ಞೆ ಮೊದಲೇ ಮೂರು ಸಲ ಹೇಳಿದ್ದರಿಂದ ನಾನು ಉಳಿದೆ. ದಯವಿಟ್ಟು ವಾರದ ಹೆಸರು ಬರೆಯಿರಿ. ‘ಸೋಮವಾರ ಮಾತ್ರ’ ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಇನ್ನು ನನ್ನ ಕೋರಿಕೆ. ದೀಪ ಇಲ್ಲದ ಕಡೆ ದೀಪ ತನ್ನಿ ಅಂತ ಕೇಳುತ್ತಿಲ್ಲ, ಅದು ನಿಮ್ಮೆಲ್ಲರ ಕೈಯಲ್ಲಿಲ್ಲ. ಕಣ್ಣಿನೊಳಗೆ ನೋಡದೆ ಸ್ಟೀರಾಯ್ಡ್ ಹನಿ ಬರೆಯಬೇಡಿ, ಚೀಟಿ ಇಲ್ಲದೆ ಮಾರಬೇಡಿ. ಈ ಎರಡು ನಿಮ್ಮ ಕೈಯಲ್ಲೇ ಇವೆ. ಒಂದೇ ಕಣ್ಣು ಪದೇ ಪದೇ ಕೆಂಪಾಗುತ್ತಿದ್ದರೆ ಅದು ಮಾಮೂಲು ಕಣ್ಣುಬೇನೆ ಇರಲಾರದು ಅಂತ ಅನುಮಾನಪಡಿ. ಸೊಂಟ, ಕೀಲು, ಚರ್ಮ, ಕರುಳು, ಬಾಯಿಹುಣ್ಣು, ಕೆಮ್ಮು ಇವುಗಳ ಬಗ್ಗೆ ಒಂದೊಂದು ಮಾತು ಕೇಳಿ. ವೈದ್ಯರನ್ನು, ಔಷಧಿ ವಿತರಕರನ್ನು ತಯಾರು ಮಾಡುವ ಕಾಲೇಜುಗಳ ಹಿರಿಯರಲ್ಲೂ ಒಂದು ಬಿನ್ನಹ: ನಿಮ್ಮ ವಿದ್ಯಾರ್ಥಿ ಸೋಂಕಿನ ಕೆಂಪು ಕಣ್ಣನ್ನೂ ಉರಿಯೂತದ ಕೆಂಪು ಕಣ್ಣನ್ನೂ ಪಕ್ಕಪಕ್ಕ ಕೂರಿಸಿಕೊಂಡು ಒಮ್ಮೆಯಾದರೂ ನೋಡಿರಲಿ. ಒಂದರಲ್ಲಿ ಕೆಂಪು ರೆಪ್ಪೆಯ ಕಡೆ ಜಾಸ್ತಿ. ಇನ್ನೊಂದರಲ್ಲಿ ಕರಿಗುಡ್ಡೆಯ ಸುತ್ತಲೇ ಬಳೆಯ ಹಾಗೆ ಕೆಂಪು. ಒಮ್ಮೆ ನೋಡಿದವರು ಮರೆಯಲಾರರು.

ಮತ್ತು ಅಂಗಡಿಯ ಕೌಂಟರಿನಲ್ಲಿ, ವೈದ್ಯರ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳಿ. ನಾಲ್ಕೇ ಪ್ರಶ್ನೆ. ಕಣ್ಣಿನೊಳಗೆ ನೋವಿದೆಯಾ? ಬೆಳಕು ತಡೆಯಲು ಆಗುತ್ತಿಲ್ವಾ? ನೋಟ ಮಂಜಾಗಿದೆಯಾ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ? ಒಂದಕ್ಕೆ ಹೌದು ಅಂದರೂ ಅವತ್ತೇ ಕಣ್ಣಿನ ತಜ್ಞರ ಹತ್ತಿರ ಕಳಿಸಿ. ಮೊದಲ ದಿನ ನಾನು ಬಂದಾಗ ಯಾರಾದರೂ ಕೇಳಿದ್ದರೆ ಮೂರಕ್ಕೆ ಹೌದು ಅನ್ನುತ್ತಿದ್ದೆ.

ಗೌರವಗಳೊಂದಿಗೆ,
ನಿಮ್ಮ ರೋಗಿಗಳಲ್ಲಿ ಒಬ್ಬಳು